117 ನಿಮಿಷದ ಸಿನಿಮಾ ಡಿವಿಡಿಯಲ್ಲಿ 112 ನಿಮಿಷ: ಉಳಿದ ಐದು ನಿಮಿಷ ಎಲ್ಲಿ?

ಸಂಡೇ ಬಜಾರ್‌ನಲ್ಲಿ ಕೊಂಡ ಹಾಲಿವುಡ್ ಚಿತ್ರ ‘ಬ್ಲೇಡ್ ರನ್ನರ್’ ಡಿವಿಡಿ 112 ನಿಮಿಷಕ್ಕೇ ಮುಗಿಯುತ್ತೆ, ಯಾವ ದೃಶ್ಯ ತೆಗೆದಿದ್ದಾರೆ, ಇದು ಯಾವ ಕಟ್ (ಸಂಕಲನದ ಆವೃತ್ತಿ) ಅಂತ ಕೇಳಿದ್ದೀರಿ.

ಬಹುಶಃ ಏನೂ ತೆಗೆದಿಲ್ಲ. ಸಿನಿಮಾ ಓಡುವುದು ಸೆಕೆಂಡಿಗೆ 24 ಫ್ರೇಮ್‌ನಲ್ಲಿ, ಪಾಲ್ (ಭಾರತ, ಯುರೋಪ್‌ಗಳ ಹಳೆಯ ಟಿವಿ ಪದ್ಧತಿ) ಡಿವಿಡಿ ಓಡುವುದು 25ರಲ್ಲಿ. ಹೊಸ ಫ್ರೇಮ್ ಸೇರಿಸುವ ಬದಲು ಇಡೀ ಸಿನಿಮಾವನ್ನೇ 4% ವೇಗವಾಗಿ ಓಡಿಸಿಬಿಡುತ್ತಾರೆ. ಹಾಗಾಗಿ 117 ನಿಮಿಷ 112 ಆಗುತ್ತೆ. ಸರಿಪಡಿಸದೆ ಬಿಟ್ಟರೆ ಶ್ರುತಿ ಕೂಡ ಅರ್ಧ ಮನೆಗೆ ತುಸು ಕಡಿಮೆ ಏರಿರುತ್ತೆ, ಸಂಗೀತ ಬಲ್ಲವರ ಕಿವಿಗೆ ಇದು ತಕ್ಷಣ ಸಿಗುತ್ತೆ.

ಖಚಿತ ಮಾಡಿಕೊಳ್ಳಲು ಕಂಪ್ಯೂಟರ್‌ನ ವಿಎಲ್‌ಸಿ ಪ್ಲೇಯರ್‌ನಲ್ಲಿ ಕಂಟ್ರೋಲ್+ಜೆ ಒತ್ತಿ ಫ್ರೇಮ್ ರೇಟ್ ನೋಡಿ. 25 ಇದ್ದರೆ ಪಾಲ್. 23.976 ಅಥವಾ 29.97 ಇದ್ದರೆ ಎನ್‌ಟಿಎಸ್‌ಸಿ (ಅಮೆರಿಕ, ಜಪಾನ್‌ಗಳ ಪದ್ಧತಿ), ಅದರಲ್ಲಿ ಈ ವೇಗದ ಸಮಸ್ಯೆ ಇಲ್ಲ. ಇಲ್ಲಿ ಮಾರಿದ ಡಿಸ್ಕ್ ಅಂದ ಮಾತ್ರಕ್ಕೆ ಪಾಲ್ ಅಂತ ಅಂದುಕೊಳ್ಳಬೇಡಿ, ಎರಡೂ ಬಂದಿವೆ.

ಎನ್‌ಟಿಎಸ್‌ಸಿಯ ಇನ್ನೊಂದು ಪ್ರತಿ ಸಿಕ್ಕರೆ ಹೋಲಿಸಿ ನೋಡಿ. ಕಂಪನಿ ಲೋಗೋಗಳ ಉದ್ದ ಒಂದೊಂದು ಡಿಸ್ಕ್‌ನಲ್ಲಿ ಒಂದೊಂದು ಥರ ಇರುತ್ತೆ, ಆದ್ದರಿಂದ ಸಿನಿಮಾದ ಮೊದಲ ಫ್ರೇಮ್‌ನಿಂದಲೇ ಎಣಿಸಿ. ಅಲ್ಲಿ 40ನೇ ನಿಮಿಷಕ್ಕೆ ಬರುವ ಮಾತು ಪಾಲ್‌ನಲ್ಲಿ ಸುಮಾರು 38:22ಕ್ಕೆ, 100ನೇ ನಿಮಿಷದ್ದು 95:54ಕ್ಕೆ ಬರಬೇಕು. ಅಂತರ ಹೀಗೆ ಒಂದೇ ಅನುಪಾತದಲ್ಲಿ ಬೆಳೆದರೆ ಅದು ಬರೀ ವೇಗ. ಒಂದು ಕಡೆ ದಿಢೀರನೆ ಹಾರಿದರೆ ಅಲ್ಲೇ ಕತ್ತರಿ ಬಿದ್ದಿದೆ.

ಯಾವ ಕಟ್ ಅನ್ನೋದನ್ನ ಅವಧಿಯಿಂದ ಹೇಳಕ್ಕಾಗಲ್ಲ. 1982ರ ಥಿಯೇಟರ್ ಕಟ್, 1992ರ ಡೈರೆಕ್ಟರ್ಸ್ ಕಟ್, 2007ರ ಫೈನಲ್ ಕಟ್ ಮೂರೂ 116–117 ನಿಮಿಷವೇ. ನಾಯಕ ಡೆಕರ್ಡ್‌ನ ಹಿನ್ನೆಲೆ ನಿರೂಪಣೆ ಇದ್ದು, ಕೊನೆಗೆ ಹಸಿರು ಬೆಟ್ಟಗಳ ನಡುವೆ ಕಾರು ಹೋದರೆ 1982ರದ್ದು. ನಿರೂಪಣೆ ಇಲ್ಲದೆ, ಪಿಯಾನೊ ಮುಂದೆ ಕೂತ ಡೆಕರ್ಡ್‌ಗೆ ಒಕ್ಕೊಂಬಿನ ಬಿಳಿ ಕುದುರೆ ಕಂಡು, ಲಿಫ್ಟ್ ಬಾಗಿಲು ಮುಚ್ಚಿ ಕಥೆ ಮುಗಿದರೆ ಉಳಿದೆರಡರಲ್ಲಿ ಒಂದು.

ಆ ಎರಡನ್ನು ಬೇರೆ ಮಾಡೋದೇ ಕಷ್ಟ, ಜನ ಎಡವೋದೂ ಇಲ್ಲೇ. ಡೆಕರ್ಡ್ ಬೆನ್ನಟ್ಟುವ ಕೃತಕ ಮನುಷ್ಯ ರಾಯ್ ಸತ್ತಾಗ ಹಾರುವ ಪಾರಿವಾಳ ನೋಡಿ: ಇಡೀ ರಾತ್ರಿ ಮಳೆ ಸುರಿದಿದ್ದರೂ ಹಿಂದೆ ನೀಲಿ ಆಕಾಶ ಇದ್ದರೆ 1992ರದ್ದು, ಕತ್ತಲ ಆಕಾಶ ಇದ್ದರೆ 2007ರದ್ದು. ಇನ್ನೊಬ್ಬ ಕೃತಕ ಹೆಣ್ಣು ಝೋರಾ ಗಾಜು ಒಡೆದುಕೊಂಡು ಬೀಳುವಾಗ ವಿಗ್ ಹಾಕಿದ ಡ್ಯೂಪ್ ಮುಖ ಕಂಡರೆ ಹಳೆಯದು, ಫೈನಲ್ ಕಟ್‌ನಲ್ಲಿ ನಟಿ ಜೊವಾನಾ ಕ್ಯಾಸಿಡಿಯ ಮುಖವನ್ನೇ ಕೂರಿಸಿದ್ದಾರೆ. ಈ ಕೃತಕ ಮನುಷ್ಯರನ್ನು ತಯಾರಿಸುವ ಕಂಪನಿಯ ಒಡೆಯ ಟೈರೆಲ್‌ನ ಕಣ್ಣು ಕೀಳುವ ರಕ್ತದ ಶಾಟ್ 1992ರದ್ದರಲ್ಲಿ ಇಲ್ಲ, 2007ರದ್ದರಲ್ಲಿದೆ. ಆದರೆ 1982ರ ಅಂತಾರಾಷ್ಟ್ರೀಯ ಪ್ರತಿಯಲ್ಲೂ ಅದು ಇರೋದರಿಂದ ಈ ಒಂದೇ ಗುರುತನ್ನು ನಂಬಬೇಡಿ. ನನ್ನ ಮಟ್ಟಿಗೆ ಪಾರಿವಾಳವೇ ಸಾಕು.

ಹಳೆಯ ಕನ್ನಡ ಚಿತ್ರಗಳಿಗೂ ಈ ಲೆಕ್ಕ ನಡೆಯುತ್ತೆ. ಶುರುವಿನಲ್ಲಿ ಬರುವ ಸೆನ್ಸಾರ್ ಪ್ರಮಾಣಪತ್ರದಲ್ಲಿ ಉದ್ದ ಮೀಟರ್‌ನಲ್ಲಿರುತ್ತೆ. 35 ಎಂಎಂ ಆದರೆ ಅದನ್ನು 27.4ರಿಂದ ಭಾಗಿಸಿ: 4,000 ಮೀಟರ್ ಅಂದರೆ 146 ನಿಮಿಷ, ಪಾಲ್‌ನಲ್ಲಿ 140. ನಿಮ್ಮ ಡಿಸ್ಕ್ 125ಕ್ಕೇ ಮುಗಿದರೆ ನಿಜವಾಗಿಯೂ ಕತ್ತರಿ ಬಿದ್ದಿದೆ. ಮೊದಲು ಚಿತ್ರದ ಹಾಡಿನ ಕ್ಯಾಸೆಟ್ ಮೇಲಿನ ಪಟ್ಟಿ ಇಟ್ಟುಕೊಂಡು ಹಾಡುಗಳನ್ನು ಎಣಿಸಿ ನೋಡಿ.