ಜೇಮ್ಸ್ ಸ್ಟೂವರ್ಟ್ ಲೇಖನ: ತಿದ್ದಿ ಮತ್ತೆ ಕಳಿಸಿ

ನಮಸ್ಕಾರ.

ಹಾಲಿವುಡ್ ನಟ ಜೇಮ್ಸ್ ಸ್ಟೂವರ್ಟ್ ಬಗ್ಗೆ ನೀವು ಬರೆದ ಲೇಖನವನ್ನು ಎರಡು ಸಲ ಓದಿದೆ. ಈಗ ಇರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡಬೇಡಿ. ಅದರೊಳಗೆ ಒಂದು ಒಳ್ಳೆಯ ಲೇಖನ ಇದೆ, ಇನ್ನೂ ಹೊರಗೆ ಬಂದಿಲ್ಲ.

ನಿಮ್ಮ ವಾದ ಇಷ್ಟು: ಎರಡನೇ ಮಹಾಯುದ್ಧಕ್ಕೆ ಮೊದಲು ಸ್ಟೂವರ್ಟ್ ಬರೀ ಒಳ್ಳೆ ಹುಡುಗನ ಪಾತ್ರ ಮಾಡಿದರು, ಯುದ್ಧದಲ್ಲಿ ಬಾಂಬರ್ ವಿಮಾನ ಹಾರಿಸಿ ಬಂದ ಮೇಲೆ ಬೇರೆಯೇ ನಟರಾದರು. ಓದಲು ಚೆನ್ನಾಗಿದೆ, ಆದರೆ ಪೂರ್ತಿ ನಿಜವಲ್ಲ. 1936ರ 'ಆಫ್ಟರ್ ದ ಥಿನ್ ಮ್ಯಾನ್' ನೋಡಿ. ಕೊಲೆಗಾರ ಇವರೇ! ಕಡೆಯಲ್ಲಿ ಸಿಕ್ಕಿಬಿದ್ದಾಗ ಆ ಮುಗ್ಧ ಮುಖ ಒಮ್ಮೆಲೇ ಕ್ರೂರವಾಗುತ್ತದೆ. ಯುದ್ಧ ಅವರನ್ನು ಬದಲಿಸಿರಬಹುದು. ಆದರೆ ಆ ಕತ್ತಲೆ ಮೊದಲೇ ಅವರ ಕೈಯಲ್ಲಿತ್ತು.

ಎರಡನೆಯದು, ಮೂರು ಪುಟದಲ್ಲಿ ಹದಿನಾಲ್ಕು ಸಿನಿಮಾ ಹೆಸರಿಸಿದ್ದೀರಿ. ಪ್ರತಿಯೊಂದಕ್ಕೂ ಒಂದೊಂದು ಸಾಲು, ಸಾಲಿನ ಕೊನೆಗೆ 'ಅಮೋಘ ಅಭಿನಯ'. ಹೀಗೆ ಬರೆದರೆ ಸಿನಿಮಾ ನೋಡದ ಓದುಗರಿಗೆ ಏನೂ ಕಾಣುವುದಿಲ್ಲ. ಒಂದು ದೃಶ್ಯ ತೋರಿಸಿ, ಸಾಕು. 'ಇಟ್ಸ್ ಎ ವಂಡರ್‌ಫುಲ್ ಲೈಫ್' (1946) ಬಗ್ಗೆ 'ಹೃದಯಸ್ಪರ್ಶಿ' ಅಂತ ಬರೆದು ಮುಂದೆ ಹೋಗಿದ್ದೀರಿ. ಕ್ರಿಸ್‌ಮಸ್ ಹಿಂದಿನ ದಿನ 8,000 ಡಾಲರ್ ಕಳೆದುಹೋಗಿದೆ. ಸ್ಟೂವರ್ಟ್ ಮಾಡಿದ ಪಾತ್ರ ಜಾರ್ಜ್ ಮನೆಗೆ ಬರುತ್ತಾನೆ. ಮಗಳು ಪಿಯಾನೋದಲ್ಲಿ ಅದೇ ಹಾಡನ್ನು ಮತ್ತೆ ಮತ್ತೆ ನುಡಿಸುತ್ತಿದ್ದಾಳೆ. ಅವಳ ಮೇಲೆ ರೇಗುತ್ತಾನೆ. ಮೂಲೆಯಲ್ಲಿ ತಾನೇ ಕಟ್ಟಿದ ಸೇತುವೆಯ ಮಾದರಿಯನ್ನು ಒದ್ದು ಬೀಳಿಸುತ್ತಾನೆ. ಆಮೇಲೆ ಹೆದರಿ ನಿಂತ ಹೆಂಡತಿ ಮಕ್ಕಳನ್ನು ನೋಡಿ, ದನಿ ತಗ್ಗಿಸಿ ತಪ್ಪಾಯಿತು ಅನ್ನುತ್ತಾನೆ. ಆ ಮನೆಯವರ ಭಯ ನಮಗೂ ತಾಗುತ್ತದೆ. ಒಳ್ಳೆಯವನು ಭಯ ಹುಟ್ಟಿಸುವುದು ಹೇಗೆ ಅಂತ ಇಲ್ಲೇ ಕಾಣುತ್ತದೆ ಅಲ್ವಾ?

ನಿಮ್ಮ ಎರಡನೇ ಪುಟದಲ್ಲಿ, 'ಅವರ ದನಿ ಎಲ್ಲಾ ಸಿನಿಮಾದಲ್ಲೂ ಒಂದೇ' ಅಂತ ಸುಮ್ನೆ ಒಂದು ಮಾತು ಹೇಳಿ ಬಿಟ್ಟಿದ್ದೀರಿ. ನನಗೆ ಲೇಖನದ ಜೀವ ಅಲ್ಲೇ ಕಂಡಿತು. ಹೌದು, ಅದೇ ಎಳೆದು ಎಳೆದು ಆಡುವ ಮಾತು, ಅದೇ ತಡವರಿಕೆ, ಅದೇ ಉದ್ದನೆಯ ಆಳು. ವೇಷ ಬದಲಿಸಿದರಷ್ಟೇ ದೊಡ್ಡ ನಟ ಅನ್ನುವ ಲೆಕ್ಕ ಇವರ ಹತ್ತಿರ ನಡೆಯುವುದಿಲ್ಲ. 'ಮಿಸ್ಟರ್ ಸ್ಮಿತ್ ಗೋಸ್ ಟು ವಾಷಿಂಗ್ಟನ್' (1939) ಸಿನಿಮಾದಲ್ಲಿ ಇವರ ಪಾತ್ರ ಸ್ಮಿತ್, ಅಮೆರಿಕದ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ ಗಂಟಲು ಕಟ್ಟಿ, ಕುಸಿದು ಬೀಳುವ ತನಕ ಮಾತಾಡುತ್ತಾನೆ. ಆ ಹಟಕ್ಕೆ ನಾವು ಕೈ ಮುಗಿಯುತ್ತೇವೆ. 'ವರ್ಟಿಗೋ' (1958) ಸಿನಿಮಾದಲ್ಲಿ ಇವರು ಮಾಡಿದ ಸ್ಕಾಟಿಯದೂ ಹಟವೇ. ತಾನು ಪ್ರೀತಿಸಿ ಕಳೆದುಕೊಂಡ ಸತ್ತವಳ ಹಾಗೆ ಕಾಣಬೇಕೆಂದು ಜೂಡಿ ಎಂಬ ಹುಡುಗಿಗೆ ಬೂದು ಬಣ್ಣದ ಉಡುಪು ತೊಡಿಸುತ್ತಾನೆ, ಕೂದಲಿನ ಬಣ್ಣವನ್ನೂ ಬದಲಿಸುತ್ತಾನೆ. ಕಿರುಚುವುದಿಲ್ಲ. ಮೆಲ್ಲನೆ, ಬೇಡಿಕೊಳ್ಳುವ ದನಿಯಲ್ಲೇ ಅವಳನ್ನು ಅಳಿಸಿಹಾಕುತ್ತಾನೆ. ಆ ದನಿಯನ್ನು ನಾವು ಇಪ್ಪತ್ತು ವರ್ಷ ನಂಬಿದ್ದೆವು. ಜಾಸ್ತಿ ನೋಯುವುದು ಅದಕ್ಕೇ.

ಈ ಎರಡರ ನಡುವೆ ಒಂದು ಕೌಬಾಯ್ ಸಿನಿಮಾ ಇಡಿ. 'ದ ನೇಕೆಡ್ ಸ್ಪರ್' (1953) ಸಾಕು. ಬಹುಮಾನದ ದುಡ್ಡಿಗಾಗಿ ಅಪರಾಧಿಯ ಹೆಣವನ್ನು ಎಳೆದುಕೊಂಡು ಹೊರಟವನು ಅತ್ತುಬಿಡುವ ಆ ಕೊನೆಯ ದೃಶ್ಯವನ್ನು ಇನ್ನೊಮ್ಮೆ ನೋಡಿ ಬರೆಯಿರಿ. ಹುಟ್ಟೂರು, ಓದು, ಆಸ್ಕರ್ ಇರುವ ಮೊದಲ ಪುಟ ಪೂರ್ತಿ ತೆಗೆಯಿರಿ. ಉಳಿದ ಹತ್ತು ಸಿನಿಮಾಗಳನ್ನೂ ತೆಗೆಯಿರಿ. ತಿಂಗಳೊಳಗೆ ಕಳಿಸಿದರೆ ಮುಂದಿನ ಸಿನಿಮಾ ಸಂಚಿಕೆಗೆ ಜಾಗ ಇಟ್ಟಿರುತ್ತೇನೆ.