ಎಡಿನ್‌ಬರಾದಿಂದ ಒಂದು ದಿನಕ್ಕೆ ಮೆಲ್ರೋಸ್, ಅಮ್ಮನ ಜೊತೆ

ಕಾರಿಲ್ಲದೆ, ಮಂಡಿ ನೋವಿರುವ ಅಮ್ಮನನ್ನು ಕರ್ಕೊಂಡು ಒಂದೇ ದಿನದಲ್ಲಿ ದಕ್ಷಿಣ ಸ್ಕಾಟ್‌ಲ್ಯಾಂಡ್‌ನ ಮೆಲ್ರೋಸ್ ಊರು ನೋಡಿ ಬರಬಹುದಾ ಅಂತ ಕೇಳಿದ್ದೀರಿ. ಖಂಡಿತ ಬರಬಹುದು. ಎಡಿನ್‌ಬರಾದ ವೇವರ್ಲಿ ಸ್ಟೇಷನ್ನಿನಿಂದ ಟ್ವೀಡ್‌ಬ್ಯಾಂಕ್‌ಗೆ ರೈಲಿದೆ, 2015ರಲ್ಲಿ ಶುರುವಾದ ಮಾರ್ಗ, ಸುಮಾರು ಒಂದು ಗಂಟೆ. ಅಲ್ಲಿಂದ ಊರಿಗೆ ನದಿ ಪಕ್ಕದಲ್ಲೇ ನಡೆದು ಹೋಗುವ ದಾರಿ ತುಂಬಾ ಚೆನ್ನಾಗಿದೆ, ಆದರೆ ಮೂರು ಕಿಲೋಮೀಟರ್ ಹತ್ತಿರ ಆಗುತ್ತೆ. ಅಮ್ಮನಿಗೆ ಬಸ್ಸೇ ಸರಿ.

ಊರು ಚಿಕ್ಕದು. ಸಮಯವೆಲ್ಲ ಮೆಲ್ರೋಸ್ ಅಬ್ಬಿ ಅನ್ನೋ ಹಳೆಯ ಕ್ರೈಸ್ತ ಮಠಕ್ಕೇ ಇಟ್ಕೊಳ್ಳಿ. 1136ರಲ್ಲಿ ಸ್ಕಾಟ್‌ಲ್ಯಾಂಡ್‌ನ ಡೇವಿಡ್ ದೊರೆ ಕಟ್ಟಿಸಿದ ಮಠ, 1385ರಲ್ಲಿ ಇಂಗ್ಲಿಷ್ ಸೈನ್ಯ ಸುಟ್ಟು ಹಾಕಿತು, ಈಗ ಕಾಣುವುದು ಹೆಚ್ಚಾಗಿ ಆಮೇಲೆ ಮತ್ತೆ ಕಟ್ಟಿದ್ದು. ಸ್ಕಾಟ್‌ಲ್ಯಾಂಡ್‌ನ ಇನ್ನೊಬ್ಬ ದೊರೆ ರಾಬರ್ಟ್ ಬ್ರೂಸ್‌ನ ಹೃದಯವನ್ನು ಇಲ್ಲೇ ಹೂತಿದ್ದರಂತೆ. 1996ರಲ್ಲಿ ಅಗೆದಾಗ ಸೀಸದ ಪೆಟ್ಟಿಗೆಯೊಂದು ಸಿಕ್ಕಿತು, 1998ರಲ್ಲಿ ಅದನ್ನು ಮತ್ತೆ ಮಣ್ಣಿಗೆ ಸೇರಿಸಿ ಮೇಲೊಂದು ದುಂಡು ಕಲ್ಲು ಇಟ್ಟರು. ಅದರಲ್ಲಿ ಹೃದಯದ ಆಕಾರ ಕೆತ್ತಿದ್ದಾರೆ, ಹುಲ್ಲಿನ ನಡುವೆ ನೆಲಮಟ್ಟದಲ್ಲೇ ಇದೆ, ಬಗ್ಗಿ ನೋಡಿ. ಆಮೇಲೆ ತಲೆ ಎತ್ತಿ ಚಾವಣಿ ಅಂಚು ನೋಡಿ, ಬ್ಯಾಗ್‌ಪೈಪ್ ಊದುವ ಹಂದಿ ಇದೆ! ಫೋನಿನಲ್ಲಿ ಜೂಮ್ ಮಾಡಿ ಅಮ್ಮನಿಗೂ ತೋರಿಸಿ. ಬೇಲೂರು ನೋಡಿದವರಿಗೆ ಇಂಥ ಕೆತ್ತನೆ ಹುಡುಕುವ ಖುಷಿ ಗೊತ್ತೇ ಇರುತ್ತೆ ಅಲ್ವಾ.

ಕಲ್ಲಿನ ತಪಾಸಣೆ ನಡೆಯುವಾಗ ಕೆಲವು ಭಾಗ ಮುಚ್ಚಿರುತ್ತಾರೆ, ಹೊರಡುವ ಮೊದಲು ವೆಬ್‌ಸೈಟ್ ನೋಡಿ. ಐಲ್ಡನ್ ಬೆಟ್ಟ ಹತ್ತೋದು ಬೇಡ, 422 ಮೀಟರ್ ಎತ್ತರ. ಊರಿನಿಂದಲೇ ಅದು ಚೆನ್ನಾಗಿ ಕಾಣುತ್ತೆ.