ಕಳಚಿದ ಪಿಯಾನೊ ಕೀಗೆ ಗಟ್ಟಿ ಅಂಟು ಹುಡುಕಬೇಡಿ

ಹಳೇ ಅಪ್‌ರೈಟ್‌ (ನಿಲುವು) ಪಿಯಾನೊದ ಮೂರು ಬಿಳಿ ಕೀಗಳ ಮರದ ಮೇಲಿನ ಹೊದಿಕೆ ಎದ್ದಿದೆ, ಸೂಪರ್‌ಗ್ಲೂ, ಎಪಾಕ್ಸಿ ಎರಡರಲ್ಲಿ ಯಾವುದು ಹೆಚ್ಚು ಗಟ್ಟಿ ಅಂತ ಕೇಳಿದ್ದೀರಿ. ಎರಡೂ ಬೇಡ. ನಾನೂ ಗಟ್ಟಿಯದ್ದೇ ಬೇಕೆಂದು ಸೂಪರ್‌ಗ್ಲೂ ಸುರಿದವನೇ.

ಆ ನೀರಂಥ ಅಂಟು ಬತ್ತಿಗೆ ಎಣ್ಣೆ ಏರಿದ ಹಾಗೆ ಒಣಮರದೊಳಕ್ಕೆ ಇಳಿಯಿತು. ಮೇಲೆ ಉಳಿದದ್ದು ಅಲ್ಲೊಂದು ಇಲ್ಲೊಂದು ಚುಕ್ಕೆ. ಹೊದಿಕೆ ಅರ್ಧ ಮಿಲಿಮೀಟರ್ ಎಡಕ್ಕೆ ಕೂತಿತ್ತು. ಸರಿಸಲು ಕೈ ಹಾಕುವಷ್ಟರಲ್ಲಿ ಹಿಡಿದುಬಿಟ್ಟಿತು. ಅರ್ಧ ಮಿಲಿಮೀಟರ್ ಏನು ಮಹಾ ಅನ್ನಬೇಡಿ, ಪಕ್ಕದ ಕೀಗೆ ಉಜ್ಜಿ, ಒತ್ತಿದ ಕೀ ಮೇಲೇಳಲೇ ಇಲ್ಲ. ಅಂಚಿಗೆಲ್ಲ ಬೂದಿ ಬಳಿದಂಥ ಬಿಳಿ ಮಬ್ಬು. ಮಳೆಗಾಲಕ್ಕೆ ಮರ ತೇವ ಕುಡಿದು ಅಡ್ಡಕ್ಕೆ ಹಿಗ್ಗಿತು, ಪ್ಲಾಸ್ಟಿಕ್ ಹಿಗ್ಗಲಿಲ್ಲ, ನಡುವಿನ ಪೆಡಸು ಅಂಟು ಬಿರಿಯಿತು. ಅದೂ ಅರ್ಧ ಮಾತ್ರ! ಉಳಿದರ್ಧವನ್ನು ಚಾಕುವಿನಿಂದ ಎಬ್ಬಿಸಿದರೆ ಮರದ ಸಿಬಿರೇ ಕಿತ್ತು ಬಂತು. ಅಂಟಿನ ಕೆಲಸ ಹೋಗಿ ಬಡಗಿ ಕೆಲಸವಾಯಿತು.

ನಿಮಗೆ ಬೇಕಿರುವುದು ಮರದ ಜೊತೆ ಕೊಂಚ ಜಗ್ಗುವ, ನಾಳೆ ಬಿಡಿಸಲು ಬರುವ ಅಂಟು.

ಕರಿ ಕೀಗಳ ಮುಂತುದಿಯ ನೇರಕ್ಕೆ ಹೊದಿಕೆಯಲ್ಲಿ ಎರಡು ತುಂಡು ಕೂಡಿದ ಕೂದಲೆಳೆಯಂಥ ಅಡ್ಡಗೆರೆ, ಮೈಯಲ್ಲಿ ಸಣ್ಣ ಎಳೆಗಳು ಕಂಡರೆ ದಂತ ಇರಬಹುದು. ದಂತಕ್ಕೆ ಮರವಜ್ರ, ಅಂದರೆ ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡುವ ಬಡಗಿಗಳ ಅಂಟು. ತಣ್ಣೀರಲ್ಲಿ ನೆನೆಸಿ, ಸುಮಾರು 60 ಡಿಗ್ರಿಯ ಬಿಸಿನೀರೊಳಗೆ ಪಾತ್ರೆಯಿಟ್ಟು ಕರಗಿಸಿ. ಕುದಿಸಿದರೆ ಸತ್ವ ಹೋಗುತ್ತೆ. ದಂತದ ಮೂಲಕ ಕಂದು ಅಂಟು ಕಾಣುವುದರಿಂದ ಚಿಟಿಕೆ ಬಿಳಿ ಬಣ್ಣದ ಪುಡಿ ಬೆರೆಸಿ. ದಂತವನ್ನೇ ನೀರಲ್ಲಿ ನೆನೆಸಬೇಡಿ, ಸೊಟ್ಟಗಾಗುತ್ತೆ.

ಅಚ್ಚಿನ ಪ್ಲಾಸ್ಟಿಕ್ಕಿಗೆ ಪಿಯಾನೊ ಸಾಮಾನಿನವರು ಮಾರುವ ಪಿವಿಸಿ-ಇ ಅಂಟೇ ಮೇಲು. ಸಿಗದಿದ್ದರೆ ಲ್ಯಾಮಿನೇಟ್ ಅಂಟಿಸುವ ರಬ್ಬರ್ ಅಂಟು. ಮೊದಲು ಹೊದಿಕೆಯ ಒಳಮೈಗೆ ಒಂದು ಹನಿ ಹಾಕಿ ನೋಡಿ, ಕೆಲವು ಪ್ಲಾಸ್ಟಿಕ್ ಮೆತ್ತಗಾಗುತ್ತೆ. ರಬ್ಬರ್ ಅಂಟಾದರೆ ಎರಡೂ ಮೈಗೆ ತೆಳ್ಳಗೆ ಬಳಿದು, ಬೆರಳಿಗೆ ಅಂಟದಷ್ಟು ಆರಿಸಿ, ನಡುವೆ ಬೆಣ್ಣೆ ಕಾಗದ ಇಟ್ಟು ಸರಿಯಾಗಿ ಹೊಂದಿಸಿ, ಆಮೇಲೆ ಕಾಗದ ಎಳೆಯಿರಿ. ಎರಡನೇ ಅವಕಾಶ ಸಿಗಲ್ಲ.

ಉಜ್ಜಿದಾಗ ಕರ್ಪೂರದ ವಾಸನೆ ಬಂದರೆ ಸೆಲ್ಯುಲಾಯ್ಡ್. ಬಿಸಿ ಮಾಡಿ ಬಿಡಿಸೋಣವೆಂದು ಇಸ್ತ್ರಿಪೆಟ್ಟಿಗೆ ಹತ್ತಿರ ತರಬೇಡಿ, ಭಗ್ಗನೆ ಹೊತ್ತಿಕೊಳ್ಳುತ್ತೆ. ಅಸಿಟೋನ್ ಕೂಡ ಬೇಡ, ಕರಗಿಸಿಬಿಡುತ್ತೆ.

ಅಂಟು ಹಾಕುವ ಮೊದಲು, ಕೀ ಕೂತಿರುವ ಪಿನ್ನಿನಿಂದ ಅದನ್ನು ನೇರ ಮೇಲಕ್ಕೆ ಎತ್ತಿ ತೆಗೆಯಿರಿ. ಓರೆ ಮಾಡಿದರೆ ತೂತು ಸಡಿಲವಾಗುತ್ತೆ. ಹಳೇ ಅಂಟು ಮಾತ್ರ ಕೆರೆಯಿರಿ, ಮರ ಸವೆದರೆ ಹೊದಿಕೆ ತಗ್ಗಿ ಕೂರುತ್ತೆ. ಮರವಜ್ರ, ಪಿವಿಸಿ-ಇ ಆದರೆ ಮೇಲೊಂದು ಮರದ ಪಟ್ಟಿ ಇಟ್ಟು ಕ್ಲ್ಯಾಂಪ್ ಹದವಾಗಿ ಬಿಗಿದು 24 ಗಂಟೆ ಬಿಡಿ. ಜೋರಾಗಿ ಬಿಗಿದರೆ ಅಂಟೆಲ್ಲ ಹೊರಗೆ ಬಂದು ಒಳಗೆ ಏನೂ ಉಳಿಯಲ್ಲ.

ಮರುದಿನ ಕೀ ಕೂರಿಸಿ ಅಕ್ಕಪಕ್ಕದವುಗಳ ಜೊತೆ ನಿಧಾನ ಒತ್ತಿ ನೋಡಿ. ಉಜ್ಜಿದರೆ ಪಕ್ಕದ ಕೀಯನ್ನು ಅರದಿಂದ ತೀಡಬೇಡಿ, ನೀವು ಅಂಟಿಸಿದ್ದನ್ನೇ ಬಿಡಿಸಿ ಮತ್ತೆ ಕೂರಿಸಿ.